ಮಧುಗಿರಿ ಸೀಮೆಯಲ್ಲಿ ಮೂರು ದಿನ, ಜೊತೆಗೊಂದು ಹಸಿರು ಮೊಟ್ಟೆ

ಮೊದಲ ದಿನ: ಕ್ಯಾತ್ಸಂದ್ರ, ಕೊರಟಗೆರೆ, ಪುರವರದ ಹೊಲ

ಹೊರಡುವುದಕ್ಕೆ ಕಾರಣ ಚಿಕ್ಕಪ್ಪನ ಒಂದು ಫೋನು. "ಪುರವರದ ಹತ್ರ ಹೊಲದಲ್ಲಿ ಹಳೇ ಶೆಡ್ಡು ಇದೆಯಲ್ಲ, ಅದರ ಶೀಟು ಇವೆಯೋ, ಯಾರಾದ್ರೂ ಬಿಚ್ಕೊಂಡು ಹೋದ್ರೋ, ನೋಡ್ಕೊಂಡು ಬಾ" ಅಂದರು. ಹಳೇ ಶೆಡ್ಡು ಅಂದರೆ ಎಮು ಶೆಡ್ಡು. ಎಮು ಅಂದರೆ ಆಸ್ಟ್ರೇಲಿಯಾದ ಹಾರದ ದೊಡ್ಡ ಹಕ್ಕಿ. 2010ರಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಎಮು ಮಾತೇ. ಅದರ ಎಣ್ಣೆ, ಮಾಂಸ, ಚರ್ಮ, ಉಗುರು ಎಲ್ಲವೂ ದುಡ್ಡು ಅಂತ ಚಿಕ್ಕಪ್ಪ ಲೆಕ್ಕ ಬರೆದು ತೋರಿಸುತ್ತಿದ್ದರು. 2013ರ ಮೇಲೆ ಆ ಪದವನ್ನು ಯಾರೂ ಎತ್ತಲಿಲ್ಲ. ಹಬ್ಬಕ್ಕೆ ಸೇರಿದಾಗಲೂ ಇಲ್ಲ.

ಒಬ್ಬನೇ ಹೋಗುವುದು ಬೇಜಾರು ಅಂತ ಭಾವನನ್ನು ಕರೆದೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಹಕ್ಕಿ ಅಂದರೆ ಊಟ ಬಿಟ್ಟು ಬರುತ್ತಾರೆ. "ಹೋಗೋದೇ ಆದ್ರೆ ಮೈದನಹಳ್ಳಿ ಕೃಷ್ಣಮೃಗಾನೂ ನೋಡೋಣ, ಕಗ್ಗಲಡುಗೂ ಹೋಗೋಣ" ಅಂತ ಅರ್ಧ ದಿನದ ಕೆಲಸವನ್ನು ಮೂರು ದಿನ ಮಾಡಿದರು. ಮಾರ್ಚ್ ಎರಡನೇ ವಾರ. ಅಕ್ಕ ಎರಡು ಕ್ಯಾನ್ ನೀರು, ಒಂದು ಡಬ್ಬಿ ಚಕ್ಕುಲಿ ಕೊಟ್ಟು ಕಳಿಸಿದಳು.

ಬೆಂಗಳೂರಿನಿಂದ ಹೊರಟವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋದರೆ ಅದು ಪ್ರವಾಸವೇ ಅಲ್ಲ. ಎಂಟು ಗಂಟೆಗೆ ಮುಂಚೆ ಹೋಗಬೇಕು. ಆಮೇಲೆ ಜಾಗ ಸಿಗುವುದಿಲ್ಲ. ಎಲೆಯ ಮೇಲೆ ಅಂಗೈಗಿಂತ ಅಗಲದ ಇಡ್ಲಿ, ನಡುವೆ ಬೆಣ್ಣೆ ಕರಗುತ್ತಿತ್ತು. ಭಾವ ಎರಡು ತಿಂದು, "ಸಕ್ಕರೆ ಕಾಯಿಲೆ ಇರೋನಿಗೆ ಇಷ್ಟು ಸಾಕು" ಅಂದು ಮೂರನೆಯದನ್ನು ತರಿಸಿದರು.

ತುಮಕೂರು ದಾಟಿ ಕೊರಟಗೆರೆ ದಾರಿ ಹಿಡಿದ ಮೇಲೆ ಬಣ್ಣ ಬದಲಾಗುತ್ತದೆ. ಅಡಕೆ, ತೆಂಗು ತೆಳ್ಳಗಾಗಿ ಬಂಡೆಗಳು ಶುರುವಾಗುತ್ತವೆ. ಹುಣಸೆಹಣ್ಣು ಬಡಿಯುವ ಕಾಲ. ಮರದ ಮೇಲೊಬ್ಬ ಗಳು ಹಿಡಿದು ನಿಂತಿದ್ದರೆ ಕೆಳಗೆ ಹೆಂಗಸರು ಆಯುತ್ತಿದ್ದರು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಾರಿನ ಕಿಟಕಿಯಿಂದಲೇ ನೋಡಿದೆವು. ಆ ಬಿಸಿಲಿನಲ್ಲಿ ಹತ್ತುವ ಆಸೆ ಇಬ್ಬರಿಗೂ ಇರಲಿಲ್ಲ.

ಹೊಲವನ್ನು ಈಗ ವಾರಕ್ಕೆ ಮಾಡುತ್ತಿರುವ ಯಜಮಾನರು ಗೇಟಿನ ಬಳಿಯೇ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಆಗ ಎಮುಗಳಿಗೆ ಮೇವು ಹಾಕುತ್ತಿದ್ದವರೂ ಅವರೇ. ಆಂಧ್ರದ ಗಡಿ ಹತ್ತಿರ ಆದ್ದರಿಂದ ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಎಮು ಅನ್ನಲಿಲ್ಲ, "ನಿಪ್ಪುಕೋಡಿ" ಅಂದರು. ಅದು ತೆಲುಗಿನಲ್ಲಿ ಆಸ್ಟ್ರಿಚ್‌ಗೆ ಇರುವ ಹೆಸರು, ಬೆಂಕಿಕೋಳಿ ಅಂತ ಅರ್ಥ. ಭಾವ ತಿದ್ದಲು ಬಾಯಿ ತೆರೆದರು. ನಾನು ಕೈ ಚಿವುಟಿದೆ.

ಶೆಡ್ಡಿನಲ್ಲಿ ನಾಲ್ಕು ಶೀಟು ಉಳಿದಿದ್ದವು. ಸುತ್ತ ಕಲ್ಲುಕೂಚ ನಿಂತೇ ಇವೆ, ಮೆಶ್ ಅಲ್ಲಲ್ಲಿ ಹರಿದು ನೆಲಕ್ಕೆ ಜೋತಿದೆ. ಗೇಟು ಅರ್ಧ ತೆರೆದು ತುಕ್ಕು ಹಿಡಿದು ನಿಂತಿತ್ತು. ತಳ್ಳಿ ನೋಡಿದೆ, ಅಲ್ಲಾಡಲಿಲ್ಲ.

"ಆರು ಜೊತೆ ತಂದ್ರು ನಿಮ್ ಚಿಕ್ಕಪ್ಪ" ಅಂತ ಯಜಮಾನರು ಶುರು ಮಾಡಿದರು. "ಕಂಪನಿಯೋರು ಬಂದು ಹೇಳಿದ್ದು ಒಂದೇ ಮಾತು. ಇದು ಬರದ ಸೀಮೆ ಹಕ್ಕಿ, ನಿಮ್ದೂ ಬರದ ಸೀಮೆ, ಇನ್ನೇನು ಬೇಕು ಅಂತ."

ಆ ಕಂಪನಿ ಹೊರ ರಾಜ್ಯದ್ದು. ಮರಿಗಳನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅಂತ ಕಾಗದ ಬರೆದುಕೊಟ್ಟಿತ್ತು. 2012ರಲ್ಲಿ ತಮಿಳುನಾಡಿನ ಈರೋಡ್ ಕಡೆ ಎಮು ಕಂಪನಿಗಳು ಒಂದರ ಹಿಂದೊಂದು ಮುಳುಗಿದವಲ್ಲ, ಅದೇ ಹೊತ್ತಿಗೆ ಇವರ ಫೋನೂ ಸ್ವಿಚ್ ಆಫ್ ಆಯಿತು. ಮೇವಿನ ಚೀಲ ಬರುವುದು ನಿಂತಿತು.

"ಮೇವು ನಿಂತ್ಮೇಲೆ ಏನು ಹಾಕಿದ್ರಿ?" ಅಂತ ಭಾವ ಕೇಳಿದರು.

"ರಾಗಿ ಹುಲ್ಲು ಹಾಕ್ದೆ ಸ್ವಾಮಿ. ಮೂಸೂ ನೋಡ್ಲಿಲ್ಲ. ನಮ್ ಸೈಕಲ್ಲಿಂದ ಒಂದು ನಟ್ ಬಿದ್ದಿತ್ತು, ಅದನ್ನ ನುಂಗ್ತು. ಹುಲ್ಲು ಮುಟ್ಲಿಲ್ಲ."

ಭಾವ ನಕ್ಕರು, ಆದರೆ ಮುಖದಲ್ಲಿ ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ವರ್ಷಕ್ಕೆ 250 ಮಿಲಿಮೀಟರ್ ಮಳೆಯೂ ಬೀಳದ ಕಡೆ ಬದುಕುವ ಹಕ್ಕಿ ಇದು. ಆದರೂ ಒಣಹುಲ್ಲು, ಬಲಿತ ಎಲೆ ತಿನ್ನುವುದಿಲ್ಲ. ಎಳೆ ಚಿಗುರು, ಬೀಜ, ಹಣ್ಣು, ಹುಳು ಇವೇ ಬೇಕು. ಅಷ್ಟು ಒಣ ನೆಲದಲ್ಲಿ ಚಿಗುರು ಎಲ್ಲಿ ಸಿಗುತ್ತದೆ? ಮಳೆ ಬಿದ್ದ ಕಡೆ. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ನಡೆದು ಹೋಗುತ್ತದೆ. ದಿನಕ್ಕೆ ಹತ್ತು, ಇಪ್ಪತ್ತು ಕಿಲೋಮೀಟರ್ ಅದಕ್ಕೆ ಏನೇನೂ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೇಸಿಗೆಗೆ ಉತ್ತರಕ್ಕೆ, ಚಳಿಗಾಲಕ್ಕೆ ದಕ್ಷಿಣಕ್ಕೆ ಹಿಂಡು ಹಿಂಡಾಗಿ ನಡೆಯುತ್ತವೆ. "ಆ ಹಕ್ಕಿ ಬರ ತಡ್ಕೊಳ್ಳಲ್ಲ ಕಣೋ, ಬರ ಬಿಟ್ಟು ಹೋಗತ್ತೆ. ಬದುಕಿರೋದು ಕಾಲಿನಿಂದ" ಅಂದರು ಭಾವ.

ಯಜಮಾನರು ಬೀಡಿ ಹಚ್ಚಿದರು. "ಹಂಗಾದ್ರೆ ನಮ್ಮೂರೋರೇ ಬಿಡಿ. ಮಳೆ ಹೋದ್ರೆ ಬೆಂಗ್ಳೂರು."

ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಂದು ಸಂಜೆ ಹಿಂದೂಪುರದ ದಿಕ್ಕಿಗೆ ಮೋಡ ಕಟ್ಟಿ ಗುಡುಗಿತಂತೆ. ಇಲ್ಲಿ ಹನಿ ಬೀಳಲಿಲ್ಲ. ಎಮುಗಳು ಮಾತ್ರ ಆ ಕಡೆಯ ಬೇಲಿಗುಂಟ ರಾತ್ರಿಯೆಲ್ಲ ಹೋಗಿ ಬಂದು, ಹೋಗಿ ಬಂದು ಮಾಡಿದವಂತೆ. ಬೆಳಗ್ಗೆ ನೋಡಿದರೆ ಒಂದರ ಎದೆಯ ಗರಿಯೆಲ್ಲ ಮೆಶ್‌ಗೆ ಉಜ್ಜಿ ಕಿತ್ತಿತ್ತು. ದೂರದ ಮೋಡ ನೋಡಿ, ಗುಡುಗು ಕೇಳಿ ಎಮುಗಳು ದಿಕ್ಕು ಹಿಡಿಯುತ್ತವೆ ಅನ್ನುವ ಊಹೆ ವಿಜ್ಞಾನಿಗಳಲ್ಲೂ ಇದೆ ಅಂತ ಭಾವ ಹೇಳಿದರು. ಪೂರ್ವದ ಬೇಲಿಯ ಬುಡದಲ್ಲಿ ಒಂದು ಸವೆದ ದಾರಿ ಇತ್ತು. ಎಮುಗಳದ್ದೇ ಅಂತ ನಂಬಲು ಮನಸ್ಸಾಯಿತು. ಹತ್ತು ಹೆಜ್ಜೆ ಮುಂದೆ ಮೇಕೆ ಹಿಕ್ಕೆ ಕಂಡಿತು. ಇರಲಿ.

ರಾತ್ರಿ ಯಜಮಾನರ ಮನೆಯಲ್ಲೇ ಊಟ. ರಾಗಿಮುದ್ದೆ, ಹುರುಳಿ ಬಸ್ಸಾರು, ಪಲ್ಯ. ಮುದ್ದೆಯನ್ನು ಭಾವ ಅಗಿಯುವುದನ್ನು ನೋಡಿ ಮನೆಯ ಸೊಸೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಊಟದ ನಡುವೆ ಎಮುಗಳ ಕೂಗಿನ ಕಥೆ ಬಂತು. ಹೆಣ್ಣು ಎಮುವಿನ ಕತ್ತಿನಲ್ಲಿ ಗಾಳಿ ತುಂಬುವ ಚೀಲ ಇರುತ್ತದೆ. ಕೂಗಿದರೆ ದೂರದಲ್ಲಿ ತಮಟೆ ಬಡಿದ ಹಾಗೆ. ತಂದ ಹೊಸದರಲ್ಲಿ ರಾತ್ರಿ ಆ ಸದ್ದು ಕೇಳಿ, ಯಾರು ಹೋದ್ರು ಅಂತ ಪಕ್ಕದ ಹಟ್ಟಿಯಿಂದ ಟಾರ್ಚ್ ಹಿಡಿದು ಜನ ಬಂದಿದ್ದರಂತೆ.

ಮಲಗುವ ಮುಂಚೆ ಅವರು ಗೋಡೆಯ ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೊಂದು ಎಮು ಮೊಟ್ಟೆ. ತುದಿಗೆ ತೂತು ಮಾಡಿ ಒಳಗಿನದ್ದನ್ನೆಲ್ಲ ತೆಗೆದ ಬರೀ ಚಿಪ್ಪು. ಕೈಗೆ ತಗೊಂಡೆ. ಬೆಣ್ಣೆಹಣ್ಣಿನ ಸಿಪ್ಪೆಯಂಥ ಕಡುಹಸಿರು, ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆ. ಜೊತೆಗೊಂದು ಗರಿ. ಭಾವ ಅದನ್ನು ಬಲ್ಬಿಗೆ ಹಿಡಿದು ತೋರಿಸಿದರು. ಒಂದೇ ಬುಡದಿಂದ ಎರಡು ಎಳೆ ಎದ್ದಿದ್ದವು. ತುದಿ ಮಾತ್ರ ಕಪ್ಪು. ಆ ಕಪ್ಪು ತುದಿ ಬಿಸಿಲನ್ನು ಮೇಲೆಯೇ ಹೀರಿಕೊಳ್ಳುತ್ತದೆ, ಬಿಸಿ ಚರ್ಮದವರೆಗೆ ಇಳಿಯುವುದಿಲ್ಲ. ಅದಕ್ಕೇ ನಡುಮಧ್ಯಾಹ್ನವೂ ಎಮು ಮೇಯುತ್ತಿರುತ್ತದೆ.

"ಮೊಟ್ಟೆ ತಗೊಂಡ್ ಹೋಗಿ. ನಿಮ್ ಚಿಕ್ಕಪ್ಪಂಗೆ ಕೊಡಿ" ಅಂದರು.

ಎರಡನೇ ದಿನ: ಮೈದನಹಳ್ಳಿ, ಆಮೇಲೆ ತಿರುಮಣಿ

ಮೈದನಹಳ್ಳಿಗೆ ಹೋಗುವವರು ಬೆಳಕು ಹರಿಯುವ ಮುಂಚೆ ಹೋಗಬೇಕು. ಒಂಬತ್ತರ ಮೇಲೆ ಬಿಸಿಲಿಗೆ ನೆಲವೇ ಅಲೆಯಾಡುತ್ತದೆ, ಬೈನಾಕ್ಯುಲರ್‌ನಲ್ಲಿ ಜಿಂಕೆ ಯಾವುದು ಪೊದೆ ಯಾವುದು ತಿಳಿಯುವುದಿಲ್ಲ. ನಾವು ಐದೂವರೆಗೆ ಹೊರಟೆವು. ಆರಕ್ಕೆ ಪಂಕ್ಚರ್ ಆಯಿತು. ಜಾಲಿ ಮುಳ್ಳು. ಸ್ಟೆಪ್ನಿ ಹಾಕಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಕೂತಿತು. ಈ ಕಡೆ ಹೊಲದ ದಾರಿಗೆ ಕಾರು ಇಳಿಸಬೇಡಿ, ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆಯಿರಿ. ನಾವು ಕಲಿತದ್ದು ಇನ್ನೂರೈವತ್ತು ರೂಪಾಯಿ ಕೊಟ್ಟು.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಾ ಸೀಟಿನ ಮೇಲಿದ್ದ ಮೊಟ್ಟೆ ನೋಡಿದ. "ಎಮು ಅಲ್ವಾ? ನಮ್ಮಮ್ಮ ಮಂಡಿನೋವಿಗೆ ಅದರ ಎಣ್ಣೆ ಹಚ್ಕೊಂಡಿದ್ರು." ಕಮ್ಮಿ ಆಯ್ತಾ ಅಂತ ಕೇಳಿದೆ. "ದುಡ್ಡು ಕಮ್ಮಿ ಆಯ್ತು" ಅಂದ.

ಏಳೂವರೆಗೆ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದ ವೀಕ್ಷಣಾ ಗೋಪುರ ಹತ್ತಿದೆವು. 798 ಎಕರೆ. 2007ರಲ್ಲಿ ಮೀಸಲು ಅಂತ ಘೋಷಣೆ ಆದದ್ದು. ಕಣ್ಣು ಹಾಯುವವರೆಗೆ ಚಿನ್ನದ ಬಣ್ಣದ ಒಣಹುಲ್ಲು, ಒಂದು ಕಡೆ ನೀಲಗಿರಿ ತೋಪು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಲ್ಲಿನಲ್ಲಿ ಕಡ್ಡಿಗಳಂತೆ ಕಂಡದ್ದು ಕೊಂಬುಗಳು. ಒಂದು ಗಂಡು, ಮೇಲೆ ಕರಿ, ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿ, ಕತ್ತು ಹಿಂದಕ್ಕೆ ಎಳೆದು ಮೂಗು ಮೇಲೆತ್ತಿ ಹೆಣ್ಣುಗಳ ಮುಂದೆ ಗತ್ತಿನಿಂದ ನಡೆಯುತ್ತಿತ್ತು. ಹೆಣ್ಣುಗಳು ಮೇಯುತ್ತಲೇ ಇದ್ದವು. ತಲೆ ಕೂಡ ಎತ್ತಲಿಲ್ಲ.

ಅಲ್ಲಿ ಸಿಕ್ಕ ಕಾವಲುಗಾರ ಹೇಳಿದ್ದು, ಇವು ಮೀಸಲಿನ ಒಳಗೇ ಇರುವುದಿಲ್ಲವಂತೆ. ರಸ್ತೆ ದಾಟುತ್ತವೆ, ಹೊಲಕ್ಕೆ ಇಳಿಯುತ್ತವೆ. ಕಡ್ಲೆಕಾಯಿ ಚಿಗುರಿದಾಗಲಂತೂ ರೈತರ ಬೈಗುಳ ತಪ್ಪಿದ್ದಲ್ಲ. "ಜಿಂಕೆಗೇನು ಗೊತ್ತು ಸಾರ್ ಸರ್ವೆ ನಂಬರು?"

ಗೋಪುರದ ಮೇಲೆ ಚಕ್ಕುಲಿ ತಿನ್ನುತ್ತಾ ಭಾವ ಲೆಕ್ಕ ಹಾಕಿದರು. ಈ 798 ಎಕರೆಯನ್ನು ಎಮು ಅರ್ಧ ಗಂಟೆಯಲ್ಲಿ ನಡೆದು ದಾಟುತ್ತದೆ. ಚಿಕ್ಕಪ್ಪ ಕೊಟ್ಟಿದ್ದು ಮೂವತ್ತು ಗುಂಟೆ. ಅದೂ ಹನ್ನೆರಡಕ್ಕೆ.

ಅಲ್ಲೇ ಅವರು 1932ರ ಕಥೆ ಹೇಳಿದರು. ನಾನು ಮೊದಲು ನಂಬಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಬೆಳೆಯುವ ಸೀಮೆಗೆ ಸುಮಾರು 20,000 ಎಮುಗಳು ಒಳನಾಡಿನಿಂದ ನಡೆದು ಬಂದವು. ಕಾಡು ಕಡಿದ ನೆಲ, ನೀರು, ಬೆಳೆ ಎಲ್ಲವೂ ಒಂದೇ ಕಡೆ ಸಿಕ್ಕರೆ ಬಿಡುತ್ತವೆಯೇ? ರೈತರು ಸರ್ಕಾರಕ್ಕೆ ಮೊರೆ ಹೋದರು. ಸರ್ಕಾರ ಒಬ್ಬ ಮೇಜರ್ ಜೊತೆ ಸೈನಿಕರನ್ನು, ಎರಡು ಮೆಷಿನ್ ಗನ್‌ಗಳನ್ನು, 10,000 ಗುಂಡುಗಳನ್ನು ಕಳಿಸಿತು. ಹಕ್ಕಿಗಳು ಚದುರಿ ಓಡಿದವು. ಗಂಟೆಗೆ ಐವತ್ತು ಕಿಲೋಮೀಟರ್ ಓಡುವ ಹಕ್ಕಿಯ ಹಿಂದೆ ಗನ್ ಹೊತ್ತು ಎಷ್ಟು ದೂರ ಹೋಗುತ್ತಾರೆ? ಸೈನ್ಯ ವಾಪಸ್ ಹೋಯಿತು.

"ಗುಂಡು ಮಾಡದ ಕೆಲಸಾನ ಬೇಲಿ ಮಾಡ್ತು" ಅಂದರು ಭಾವ. ಮೊಲ ತಡೆಯಲು ಅಂತ 1901ರಿಂದ 1907ರ ನಡುವೆ ಕಟ್ಟಿದ ಬೇಲಿ ಒಂದೇ 1,800 ಕಿಲೋಮೀಟರ್‌ಗೂ ಉದ್ದ. 1976ರ ಬರದಲ್ಲಿ ಹತ್ತಾರು ಸಾವಿರ ಎಮುಗಳು ದಕ್ಷಿಣಕ್ಕೆ ನಡೆದು ಬಂದು ಅದೇ ಬೇಲಿಗೆ ಒತ್ತರಿಸಿ ನಿಂತವು. ಆಚೆ ಹಸಿರು, ಈಚೆ ಹಕ್ಕಿ.

ನನಗೆ ಯಜಮಾನರ ಹೊಲದ ಪೂರ್ವದ ಬೇಲಿ ನೆನಪಾಯಿತು.

ಬೇಲಿ ಎಲ್ಲ ಕಡೆಯೂ ಎಮುವಿಗೆ ಶತ್ರುವಲ್ಲ ಅನ್ನುವುದು ಇನ್ನೊಂದು ವಿಚಿತ್ರ. ಕುರಿಗಳನ್ನು ಉಳಿಸಲು ಕಟ್ಟಿದ ಡಿಂಗೋ ಬೇಲಿ 5,600 ಕಿಲೋಮೀಟರ್ ಇದೆ. ಡಿಂಗೋ ಅಂದರೆ ಅಲ್ಲಿನ ಕಾಡುನಾಯಿ. ಅದು ಇಲ್ಲದ ಬದಿಯಲ್ಲಿ ಎಮುಗಳು ತುಂಬಾ ಜಾಸ್ತಿ, ಅದು ಓಡಾಡುವ ಬದಿಯಲ್ಲಿ ಕಮ್ಮಿ. ಅದೇ ಮಣ್ಣು, ಅದೇ ಮಳೆ, ನಡುವೆ ಒಂದು ತಂತಿ ಅಷ್ಟೆ. ಒಟ್ಟು ಎಷ್ಟಿರಬಹುದು ಅಂತ ಕೇಳಿದೆ. 6,30,000ದಿಂದ 7,25,000ದವರೆಗೆ ಅಂದಾಜು ಇದೆಯಂತೆ. ಆದರೆ ಒಂದೊಂದು ಸೀಮೆಯ ಲೆಕ್ಕ ಮಳೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ.

ಮಳೆಗೂ ಮರಿಗೂ ಏನು ಲೆಕ್ಕ ಅನ್ನುವುದನ್ನು ಭಾವ ಕಾರಿನಲ್ಲಿ ಬಿಡಿಸಿ ಹೇಳಿದರು. ಎಮುಗಳಲ್ಲಿ ಕಾವಿಗೆ ಕೂರುವುದು ಗಂಡು. ಹೆಣ್ಣು ಮೊಟ್ಟೆ ಇಟ್ಟು ತನ್ನ ದಾರಿ ಹಿಡಿಯುತ್ತದೆ. ಎಂಟು ವಾರ ಗಂಡು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಮೊಟ್ಟೆ ತಿರುಗಿಸಲು ಮಾತ್ರ ಎದ್ದು ನಿಂತು ಮತ್ತೆ ಕೂರುತ್ತದೆ. ಮೈಯಲ್ಲಿರುವ ಕೊಬ್ಬೇ ಬುತ್ತಿ. ಏಳುವ ಹೊತ್ತಿಗೆ ತೂಕದಲ್ಲಿ ಮೂರನೇ ಒಂದು ಭಾಗ ಇಳಿದಿರುತ್ತದೆ. ಹೋದ ಮಳೆಗಾಲ ಕೈಕೊಟ್ಟಿದ್ದರೆ ಆ ಕೊಬ್ಬು ಎಲ್ಲಿಂದ ಬರಬೇಕು? ಬರದ ವರ್ಷ ಬಹಳಷ್ಟು ಹಕ್ಕಿಗಳು ಮೊಟ್ಟೆ, ಕಾವು ಯಾವುದರ ತಂಟೆಗೂ ಹೋಗುವುದಿಲ್ಲ. ಒಳ್ಳೆ ಮಳೆಯಾದ ವರ್ಷ ಪಟ್ಟೆ ಪಟ್ಟೆ ಮರಿಗಳ ಸಾಲು ಅಪ್ಪನ ಹಿಂದೆ.

ನಿನ್ನೆ ಯಜಮಾನರೂ ಒಂದು ಗಂಡಿನ ಕಥೆ ಹೇಳಿದ್ದರು. ಕಂಪನಿಯವರು ಮೊಟ್ಟೆಗಳನ್ನೆಲ್ಲ ಮೆಷಿನ್ನಿಗೆ ಅಂತ ಒಯ್ಯುತ್ತಿದ್ದರಂತೆ. ಅವರು ಬರುವುದು ನಿಂತ ಚಳಿಗಾಲದಲ್ಲಿ ಒಂದು ಗಂಡು ಶೆಡ್ಡಿನ ಮೂಲೆಯಲ್ಲಿ ನಾಲ್ಕು ಮೊಟ್ಟೆ ಮೇಲೆ ಕೂತಿತು. "ಇಪ್ಪತ್ತು ದಿನ ಕೂತ್ತು ಸ್ವಾಮಿ. ಮೊದ್ಲೇ ಸೊರಗಿತ್ತು. ಆಮೇಲೆ ಎದ್ದು ಹೋಯ್ತು. ತಿರುಗಿ ನೋಡ್ಲಿಲ್ಲ." ಆ ನಾಲ್ಕರಲ್ಲಿ ಒಂದು ಈಗ ನನ್ನ ತೊಡೆಯ ಮೇಲಿತ್ತು.

ಮಧ್ಯಾಹ್ನ ಪಾವಗಡದ ಕಡೆ ತಿರುಗಿದೆವು. ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆ, ಬೋರ್‌ವೆಲ್ ನೀರು ಕುಡಿಯಬೇಡಿ. ಊರೂರಿಗೂ ಶುದ್ಧ ನೀರಿನ ಘಟಕ ಇದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ, ನಮ್ಮ ಹತ್ತಿರ ಇರಲಿಲ್ಲ. ಶಾಲೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೊಟ್ಟಳು. ಬದಲಿಗೆ ಚಕ್ಕುಲಿ ತಗೊಂಡಳು.

ತಿರುಮಣಿ ಹತ್ತಿರ ಸೋಲಾರ್ ಪಾರ್ಕ್ ಶುರುವಾಗುತ್ತದೆ. 13,000 ಎಕರೆ, 2,050 ಮೆಗಾವಾಟ್. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎರಡೂ ಬದಿಗೆ ಬೇಲಿ, ಬೇಲಿಯಾಚೆ ನೀಲಿ ಹಲಗೆಗಳು, ಕೆರೆ ತುಂಬಿದ ಹಾಗೆ ಕಣ್ಣಿಗೆ ಮೋಸ. ರಸ್ತೆ ಪಕ್ಕ ದನಗಳಿಗೆ ಕಟ್ಟಿದ ನೀರಿನ ತೊಟ್ಟಿಯೊಂದಿತ್ತು. ನಲ್ಲಿ ಸೋರಿ ಸುತ್ತ ಒಂದು ಮಾರು ಅಗಲ ಹುಲ್ಲು ಹಸಿರಾಗಿತ್ತು. ಅಷ್ಟು ಜಾಗದಲ್ಲಿ ಎರಡು ಮೇಕೆ, ಒಂದು ನಾಯಿ, ಎಂಟೊಂಬತ್ತು ಗುಬ್ಬಿ. ಆಸ್ಟ್ರೇಲಿಯಾದಲ್ಲೂ ಇದೇ ಆದದ್ದಂತೆ. ದನ ಕುರಿಗಳಿಗೆ ಅಂತ ಒಳನಾಡಿನಲ್ಲಿ ಬೋರ್ ಕೊರೆದು ತೊಟ್ಟಿ ಕಟ್ಟಿದರು. ಎಮು ಬಿಸಿಲುಕಾಲದಲ್ಲಿ ಆಗಾಗ ನೀರು ಕುಡಿಯಲೇಬೇಕು, ಹಿಂದೆ ನೀರಿಲ್ಲದ ಕಡೆ ನಿಲ್ಲುತ್ತಿರಲಿಲ್ಲ. ತೊಟ್ಟಿ ಬಂದ ಮೇಲೆ ಅಲ್ಲೂ ಉಳಿಯತೊಡಗಿತು. ಮನುಷ್ಯ ಒಂದು ಕಡೆ ಬೇಲಿ ಹಾಕಿ ತಡೆದ, ಇನ್ನೊಂದು ಕಡೆ ನೀರಿಟ್ಟು ಕರೆದ.

ಮೂರನೇ ದಿನ: ಕಗ್ಗಲಡು, ಶಿರಾ, ಮನೆ

ಕಗ್ಗಲಡು ಶಿರಾ ತಾಲ್ಲೂಕಿನ ಸಣ್ಣ ಊರು. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕಾರಿನಿಂದ ಇಳಿದ ತಕ್ಷಣ ಮೂಗಿಗೆ ಹಿಕ್ಕೆ ವಾಸನೆ, ಕಿವಿಗೆ ಮರಿಗಳ ಗಲಾಟೆ. ಟೋಪಿ ಹಾಕಿಕೊಂಡು ಹೋಗಿ. ಭಾವ ಹಾಕಿರಲಿಲ್ಲ.

ಮರದ ಕೆಳಗಿನ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಅವರೆಕಾಳು ಹಸನು ಮಾಡುತ್ತಿದ್ದರು. ಭಾವನ ತಲೆಗೆ ಅವರೇ ಒದ್ದೆ ಬಟ್ಟೆ ಕೊಟ್ಟರು. ಈ ಸಲ ಹಕ್ಕಿ ಚೆನ್ನಾಗಿ ಬಂದಿದೆಯಾ ಅಂತ ಕೇಳಿದೆ. "ಕೆರೇಲಿ ನೀರಿದ್ರೆ ಬತ್ತವೆ ಕಣಪ್ಪ. ಇಲ್ದಿದ್ರೆ ಬಂದು, ಮರ ಸುತ್ತಿ, ಹೋಯ್ತವೆ. ರೆಕ್ಕೆ ಐತಲ್ಲ ಅವಕ್ಕೆ."

ಶಿರಾ ಕಡೆ ಹೊರಟಾಗ ಭಾವ ಒಂದು ವಿಷಯ ಹೇಳಿದರು, ನನಗೆ ಅದು ಹೊಸದು. ಹಾರದ ದೊಡ್ಡ ಹಕ್ಕಿ ನಮ್ಮ ದೇಶದಲ್ಲೂ ಇತ್ತು. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಗಳು, ಗೆರೆ ಕೊರೆದ ಚಿಪ್ಪು ಸಿಕ್ಕಿವೆ. ರಾಜಸ್ಥಾನ, ಮಧ್ಯಪ್ರದೇಶದಲ್ಲೂ ಚಿಪ್ಪು ಸಿಕ್ಕಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರು 2017ರಲ್ಲಿ ಅಂಥ ಚಿಪ್ಪಿನ ಡಿಎನ್ಎ ಓದಿ, ಅದು ಆಫ್ರಿಕಾದ ಆಸ್ಟ್ರಿಚ್‌ನ ಬಳಗವೇ ಅಂತ ತೋರಿಸಿದರು. ಕನಿಷ್ಠ 25,000 ವರ್ಷ ಹಳೆಯದು. "ನಿಮ್ ಯಜಮಾನರು ನಿಪ್ಪುಕೋಡಿ ಅಂದಿದ್ದು ಸುಮ್ನೆ ಅಲ್ಲ ನೋಡು" ಅಂತ ಅವರು ನಗುವ ಹೊತ್ತಿಗೆ ಸರಿಯಾಗಿ ಹಂಪ್ ಬಂತು. ಬಣ್ಣ ಬಳಿಯದ ಹಂಪ್.

ಟಕ್ ಅಂತ ಒಂದು ಸದ್ದು. ಟವೆಲ್ ಬಿಚ್ಚಿದೆ. ಮೊಟ್ಟೆಯ ಪಕ್ಕೆಯಲ್ಲಿ ಎರಡು ಬೆರಳು ಅಗಲದ ಚೂರು ಬೇರೆಯಾಗಿತ್ತು. ಅಂಚು ನೋಡಿದರೆ ಮೂರು ಬಣ್ಣ. ಮೇಲೆ ಕಡುಹಸಿರು, ಅದರ ಕೆಳಗೆ ನವಿಲುಗರಿಯ ತಿಳಿ ಬಣ್ಣ, ಒಳಗೆ ಹಾಲಿನಂಥ ಬಿಳಿ. ಇಬ್ಬರೂ ಬೈದಾಡುವುದನ್ನು ಮರೆತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆವು. ಶಿರಾದಲ್ಲಿ ಹತ್ತು ರೂಪಾಯಿ ಫೆವಿಕ್ವಿಕ್ ತಗೊಂಡು ಭಾವ ಅಂಟಿಸಿದರು. ಚೂರಿನ ಜೊತೆ ಹೆಬ್ಬೆರಳೂ ಅಂಟಿತು.

ಹೆದ್ದಾರಿಯ ಕಾಫಿ ಅಂಗಡಿಯಿಂದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಯಜಮಾನರು ಬೀಳ್ಕೊಡುವಾಗ ಇನ್ನೊಂದು ಮಾತು ಹೇಳಿದ್ದರು. ಕೊನೆಗೆ ಉಳಿದ ಮೂರು ಎಮುಗಳನ್ನು ಕಳ್ಳರು ಹೊತ್ತೊಯ್ದರು ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೇವಲ್ಲ, ಅದು ಸುಳ್ಳಂತೆ. ಮುಂಗಾರು ಹಿಡಿದ ಒಂದು ರಾತ್ರಿ ಚಿಕ್ಕಪ್ಪನೇ ಬಂದು ಗೇಟು ತೆಗೆದರಂತೆ. "ನಾನ್ ಹೇಳ್ದೆ ಅನ್ಬ್ಯಾಡಿ."

ಶೀಟು ನಾಲ್ಕೇ ಇವೆ ಅಂದೆ.

"ಗೇಟು?" ಅಂದರು.

ತೆರೆದೇ ಇದೆ, ತುಕ್ಕು ಹಿಡಿದು ಅಲ್ಲಾಡಲ್ಲ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಗುಜರಿಗೆ ಕಬ್ಬಿಣ ಈಗ ಕೆಜಿಗೆ ಎಷ್ಟಂತೆ?"